ಬ್ಯಾಡ್ಜು ನನ್ನದು, ಲೆಕ್ಕ ಯಾರದ್ದು?

ನನ್ನ ಡೆಸ್ಕಿನ ಡ್ರಾಯರ್‌ನಲ್ಲಿ ರಬ್ಬರ್ ಬ್ಯಾಂಡ್ ಹಾಕಿಟ್ಟ ವಿಸಿಟಿಂಗ್ ಕಾರ್ಡುಗಳ ಎರಡು ಕಟ್ಟು ಇವೆ. ಅದರಲ್ಲಿ ಒಬ್ಬರಿಗೂ ನಾನು ಇವತ್ತಿನವರೆಗೆ ಫೋನ್ ಮಾಡಿಲ್ಲ. ಹಾಗಾಗಿ "ಇನ್ಮೇಲೆ ಕಾರ್ಡ್ ಇಲ್ಲ, ಎಲ್ಲಾ ಟ್ಯಾಪ್" ಅಂತ ಯಾರಾದರೂ ಹೇಳಿದರೆ ಖುಷಿಪಡುವವರಲ್ಲಿ ನಾನೂ ಒಬ್ಬ. ಒಬ್ಬ ಆಗಿದ್ದೆ ಅನ್ನೋದು ಸರಿ.

ಹೋದ ವರ್ಷ ಬೆಂಗಳೂರಿನಲ್ಲೇ ನಡೆದ ಒಂದು ಟೆಕ್ ಸಮ್ಮೇಳನಕ್ಕೆ ಆಫೀಸಿನಿಂದ ಕಳಿಸಿದ್ದರು. ಯಾವ ಸಮ್ಮೇಳನ ಅಂತ ಬೇಡ ಬಿಡಿ. ಬಾಗಿಲಲ್ಲಿ ಫೋನಿನ ಕೋಡ್ ತೋರಿಸಿದೆ, ಒಂದು ನಿಮಿಷದಲ್ಲಿ ಕತ್ತಿಗೆ ಬ್ಯಾಡ್ಜ್ ಬಂತು. ಮುಂಚೆಯೆಲ್ಲಾ ಅರ್ಧ ಗಂಟೆ ಕ್ಯೂ ನಿಂತು, ಕೊನೆಗೆ ಹೆಸರಿನ ಸ್ಪೆಲ್ಲಿಂಗ್ ತಪ್ಪಾಗಿರೋ ಬ್ಯಾಡ್ಜ್ ಸಿಗುತ್ತಿತ್ತು. ಸ್ಟಾಲ್‌ಗಳಲ್ಲೂ ಅಷ್ಟೆ, ಬ್ಯಾಡ್ಜ್ ತಾಗಿಸಿದರೆ "ಪೀಂ" ಅನ್ನುತ್ತೆ, ಒಂದು ಪೆನ್ನೋ ಟೀ ಶರ್ಟೋ ಕೈಗೆ ಬರುತ್ತೆ. ಮೂರು ಟೀ ಶರ್ಟ್ ಸಂಪಾದಿಸಿದೆ ಅಂತ ನಾಚಿಕೆಯಿಲ್ಲದೆ ಹೇಳಿಕೊಳ್ಳುತ್ತೇನೆ :-)

ಊಟ ಮುಗಿಸಿ ಬರುವಾಗ ನಮ್ಮ ಕಾಲೇಜಿನ ಸೀನಿಯರ್ ಒಬ್ಬರು ಸಿಕ್ಕರು. ಹಾಸ್ಟೆಲ್‌ನಲ್ಲಿ ನಮಗೆಲ್ಲಾ ಲ್ಯಾಬ್ ಪರೀಕ್ಷೆಗೆ ಪಾಠ ಮಾಡುತ್ತಿದ್ದ ಅಣ್ಣ. ಎರಡು ಮಾತಾಡಿ ಹೊರಡೋಣ ಅಂದುಕೊಂಡವನನ್ನು ಅವರ ಮುಖ ಬಿಡಲಿಲ್ಲ. ಕೆಲಸ ಹೋಗಿ ಒಂದೂವರೆ ತಿಂಗಳಾಗಿತ್ತು. "ಮನೇಲಿ ಇನ್ನೂ ಹೇಳಿಲ್ಲ ಕಣೋ, ದಿನಾ ಬೆಳಗ್ಗೆ ಬ್ಯಾಗ್ ಹಾಕ್ಕೊಂಡು ಹೊರಡ್ತೀನಿ" ಅಂದರು. ಹಿಂದಿನ ಮೆಟ್ಟಿಲ ಮೇಲೆ ಕೂತು ಎರಡು ಗಂಟೆ ಮಾತಾಡಿದೆವು. ಎರಡು ಸೆಷನ್ ತಪ್ಪಿಹೋಯ್ತು. ನನಗೆ ಬೇಸರವಾಗಲಿಲ್ಲ.

ಮುಂದಿನ ವಾರ ಮ್ಯಾನೇಜರ್ ಕರೆದರು. ಒಳ್ಳೆ ಮನುಷ್ಯ, ನಗುತ್ತಲೇ ಕೇಳಿದರು, "ಏನಪ್ಪಾ, ಊಟ ಆದ್ಮೇಲೆ ಎಲ್ಲಿ ಮಲಗಿಬಿಟ್ಟಿದ್ದೆ?" ಅವರ ಸ್ಕ್ರೀನ್ ಮೇಲೆ ನನ್ನ ಹೆಸರಿನ ಎದುರು ಒಂದು ಪಟ್ಟಿ. ಯಾವ ಹಾಲ್‌ಗೆ ಎಷ್ಟು ಹೊತ್ತಿಗೆ ಹೋದೆ, ಎಷ್ಟು ಹೊತ್ತಿಗೆ ಹೊರಬಂದೆ, ಎಲ್ಲಾ ಇತ್ತು. ಪಾಸ್‌ಗೆ ದುಡ್ಡು ಕೊಟ್ಟ ಕಂಪನಿಗಳಿಗೆಲ್ಲಾ ಆಯೋಜಕರು ಅದನ್ನು ಕಳಿಸಿದ್ದರು. ನಾನೇನು ಹೇಳಲಿ? ಅಣ್ಣನ ವಿಷಯ ನನ್ನದಲ್ಲ, ಹೇಳುವಂತಿಲ್ಲ. "ತಲೆನೋವಿತ್ತು ಸರ್" ಅಂತ ಸುಳ್ಳು ಹೇಳಿದೆ. ಒಳ್ಳೆ ಕೆಲಸ ಮಾಡಿಯೂ ಕಳ್ಳನ ಹಾಗೆ ನಿಂತಿದ್ದೆ.

ಅವತ್ತೇ ತಲೆಗೆ ಹುಳ ಬಿಟ್ಟುಕೊಂಡೆ. ಹಾಲ್ ಬಾಗಿಲಲ್ಲಿ ನಾನು ಎಲ್ಲೂ ಟ್ಯಾಪ್ ಮಾಡಿರಲಿಲ್ಲವಲ್ಲ, ಮತ್ತೆ ಹೇಗೆ ಗೊತ್ತಾಯ್ತು? ಮನೆಗೆ ಬಂದು ಬ್ಯಾಡ್ಜ್ ಬಿಡಿಸಿದೆ. ಒಳಗೆ ಎರಡು ಆಂಟೆನಾ.

ಒಂದು ಸುರುಳಿಯಂಥದ್ದು. ಇದು ಎನ್‌ಎಫ್‌ಸಿ, ನಮ್ಮ ಮೆಟ್ರೋ ಕಾರ್ಡಿನ ಕಡೆಯದ್ದೇ. 13.56 ಮೆಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತೆ. ಬ್ಯಾಟರಿ ಇಲ್ಲ, ರೀಡರ್ ಹುಟ್ಟಿಸುವ ಕಾಂತಕ್ಷೇತ್ರದಿಂದಲೇ ಚಿಪ್ಪಿಗೆ ಶಕ್ತಿ ಸಿಗುತ್ತೆ. ಹಾಗಾಗಿ ಕೆಲವೇ ಸೆಂಟಿಮೀಟರ್ ಹತ್ತಿರ ಬಂದರೆ ಮಾತ್ರ ಮಾತಾಡುತ್ತೆ.

ಇನ್ನೊಂದು ಉದ್ದಕ್ಕೆ ಅಂಕುಡೊಂಕಾದ ಪಟ್ಟಿ. ಇದು ಯುಎಚ್‌ಎಫ್ ಆರ್‌ಎಫ್‌ಐಡಿ. ನಮ್ಮ ದೇಶದಲ್ಲಿ ಇದಕ್ಕೆ 865ರಿಂದ 868 ಮೆಗಾಹರ್ಟ್ಸ್. ಇದಕ್ಕೂ ಬ್ಯಾಟರಿ ಬೇಡ, ಆದರೆ ಕೆಲವು ಮೀಟರ್ ದೂರದಿಂದ ಓದಬಹುದು. ಗೋದಾಮಿನಲ್ಲಿ ಪೆಟ್ಟಿಗೆ ಎಣಿಸಲು ಬಳಸೋದು ಇದನ್ನೇ. ಹಾಲ್ ಬಾಗಿಲ ಅಕ್ಕಪಕ್ಕ ನಿಂತಿದ್ದ ಎರಡು ಕಂಬಗಳನ್ನು ನಾನು ಸ್ಪೀಕರ್ ಅಂದುಕೊಂಡಿದ್ದೆ. ಅವು ನಮ್ಮನ್ನು ಪೆಟ್ಟಿಗೆಗಳ ಹಾಗೆ ಎಣಿಸುತ್ತಿದ್ದವು!

ಇಷ್ಟಕ್ಕೇ ನಿಲ್ಲಲಿಲ್ಲ. ಸುರುಳಿಯ ಚಿಪ್ಪಿಗೆ ನನ್ನ ಫೋನ್ ಇಟ್ಟು ನೋಡಿದೆ. ಹೆಸರು, ಕಂಪನಿ, ಇಮೇಲ್, ಮೊಬೈಲ್ ನಂಬರ್ ಎಲ್ಲಾ ಸಲೀಸಾಗಿ ಬಂತು. ಬೀಗ ಇಲ್ಲ, ಚಿಲಕ ಇಲ್ಲ. ಸಂಜೆ ಬಸ್ಸಿನ ನೂಕುನುಗ್ಗಲಲ್ಲಿ ಅದನ್ನು ಕತ್ತಿಗೆ ಹಾಕಿಕೊಂಡೇ ಬಂದಿದ್ದೆ ನಾನು.

ಈಗ ನನ್ನ ಅಭಿಪ್ರಾಯಕ್ಕೆ ಬರುತ್ತೇನೆ. ತಂತ್ರಜ್ಞಾನವೇ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಅದರ ಅನ್ನ ತಿನ್ನುವವನು ನಾನು. ಎನ್‌ಎಫ್‌ಸಿಯ ಗುಣವೇ ಅದರ ಮಿತಿಯಲ್ಲಿದೆ. ನಾನು ಕೈ ಮುಂದೆ ಚಾಚಿದರೆ ಮಾತ್ರ ಕೊಟ್ಟ ಹಾಗೆ. ವಿಸಿಟಿಂಗ್ ಕಾರ್ಡಿನ ಮರ್ಯಾದೆಯೂ ಇದೇ ತಾನೆ? ಯಾರಿಗೆ ಕೊಡಬೇಕು ಅನ್ನೋದು ನನ್ನ ಇಷ್ಟ. ದೂರದಿಂದ ಓದುವ ಪಟ್ಟಿಯಲ್ಲಿ ಕೊಡುವುದು ಅನ್ನೋದೇ ಇಲ್ಲ, ಬರೀ ತೆಗೆದುಕೊಳ್ಳುವುದು. ಎರಡನ್ನೂ ಒಂದೇ ಬ್ಯಾಡ್ಜಿನಲ್ಲಿ ಅಂಟಿಸಿ "ಕಾಂಟ್ಯಾಕ್ಟ್‌ಲೆಸ್" ಅಂತ ಒಂದೇ ಹೆಸರಿಟ್ಟಿದ್ದೇ ಮೋಸ.

ನಮ್ಮೂರ ಕಡೆ ಮದುವೆ ಮನೆಯಲ್ಲಿ ಮುಯ್ಯಿ ಬರೆಯಲು ಒಬ್ಬರು ಪುಸ್ತಕ ಹಿಡಿದು ಕೂತಿರುತ್ತಾರೆ. ಎಲ್ಲರೆದುರೇ ಕೂತಿರುತ್ತಾರೆ, ನಾವು ಹೇಳಿದ್ದನ್ನೇ ಬರೆಯುತ್ತಾರೆ. ಅದೇ ಮನುಷ್ಯ ಕಂಬದ ಹಿಂದೆ ಅಡಗಿ ಕೂತು, ಯಾರು ಎರಡು ಹೋಳಿಗೆ ತಿಂದರು, ಯಾರು ಯಾರ ಜೊತೆ ಮೂಲೆಯಲ್ಲಿ ಮಾತಾಡಿದರು ಅಂತ ಬರೆದರೆ? ಮದುವೆ ಮನೆಯಲ್ಲಿ ಜಗಳವೇ ಆಗುತ್ತೆ. ಸಮ್ಮೇಳನದಲ್ಲಿ ಅದಕ್ಕೆ ಅನಲಿಟಿಕ್ಸ್ ಅಂತಾರೆ.

ಕೇಳಿ ಮಾಡಿದರೆ ಇದೇ ಕೆಲಸ ಎಷ್ಟು ಚೆನ್ನಾಗಿರುತ್ತೆ ಅನ್ನುವುದಕ್ಕೂ ಉದಾಹರಣೆ ಇದೆ. 2006ರ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಕೇಯಾಸ್ ಕಮ್ಯುನಿಕೇಷನ್ ಕಾಂಗ್ರೆಸ್‌ನಲ್ಲಿ ಸ್ಪುಟ್ನಿಕ್ ಅನ್ನುವ ರೇಡಿಯೋ ಟ್ಯಾಗ್ ಇತ್ತು. ಬೇಕಾದವರು ಮಾತ್ರ ಹಾಕಿಕೊಂಡರು. ಹಿಂಬಾಲಿಸಿಕೊಳ್ಳುವುದು ಹೇಗಿರುತ್ತೆ ಅಂತ ಹ್ಯಾಕರ್‌ಗಳೇ ತಮ್ಮ ಮೇಲೆ ಮಾಡಿಕೊಂಡ ಪ್ರಯೋಗ ಅದು. 2009ರಲ್ಲಿ ಇಟಲಿಯ ಟುರಿನ್‌ನ ಹೈಪರ್‌ಟೆಕ್ಸ್ಟ್ ಸಮ್ಮೇಳನದಲ್ಲಿ ಸೋಷಿಯೋಪ್ಯಾಟರ್ನ್ಸ್ ತಂಡದ ಬ್ಯಾಡ್ಜ್‌ಗಳನ್ನು ನೂರಕ್ಕೂ ಹೆಚ್ಚು ಮಂದಿ ಒಪ್ಪಿ ಧರಿಸಿದರು. ಯಾರು ಯಾರೆದುರು ಎಷ್ಟು ಹೊತ್ತು ನಿಂತರು ಅನ್ನುವ ಆ ಲೆಕ್ಕ, ಹೆಸರುಗಳಿಲ್ಲದೆ, ರೋಗ ಹರಡುವ ಬಗೆಯ ಅಧ್ಯಯನಕ್ಕೆ ಬಳಕೆಯಾಯಿತು. ಬ್ಯಾಡ್ಜು ಹೆಚ್ಚುಕಡಿಮೆ ಅದೇ, ವ್ಯತ್ಯಾಸ ಕೇಳಿದ್ದರಲ್ಲಿ.

"ಫ್ರೀ ಟೀ ಶರ್ಟ್ ತಗೊಂಡೆಯಲ್ಲ, ಅದಕ್ಕೆ ಬೆಲೆ ಇದು" ಅಂದ ನನ್ನ ರೂಮ್‌ಮೇಟ್. ಒಪ್ಪುತ್ತೇನೆ, ಟ್ಯಾಪ್ ಮಾಡಿದ ಸ್ಟಾಲಿನವರು ಫೋನ್ ಮಾಡಿದರೆ ನನ್ನ ತಪ್ಪೇ. ಆದರೆ ಮೆಟ್ಟಿಲ ಮೇಲೆ ಕೂತಿದ್ದಕ್ಕೆ ನನಗೆ ಯಾರೂ ಟೀ ಶರ್ಟ್ ಕೊಟ್ಟಿರಲಿಲ್ಲ.

ಆಯೋಜಕರಲ್ಲಿ ನನ್ನ ಬೇಡಿಕೆ ದೊಡ್ಡದೇನಲ್ಲ. ಚಿಪ್ಪಿನಲ್ಲಿ ಬರೀ ಒಂದು ಅರ್ಥವಿಲ್ಲದ ನಂಬರ್ ಇರಲಿ, ವಿವರವೆಲ್ಲಾ ಸರ್ವರ್‌ನಲ್ಲಿರಲಿ. ಕಳೆದುಹೋದ ಬ್ಯಾಡ್ಜ್ ಅಷ್ಟರಿಂದಲೇ ನಿರುಪದ್ರವಿಯಾಗುತ್ತೆ. ಸ್ಟಾಲಿನಲ್ಲಿ ತಾಗಿಸಿದಾಗ ಏನೇನು ಹೋಗುತ್ತೆ ಅಂತ ಸ್ಕ್ರೀನ್ ಮೇಲೆ ತೋರಿಸಿ "ಕೊಡಲಾ, ಬೇಡವಾ" ಕೇಳಲಿ. ಬಾಗಿಲಲ್ಲಿ ಜನರ ಸಂಖ್ಯೆ ಬೇಕಿದ್ದರೆ ತಲೆ ಎಣಿಸಲಿ, ಹೆಸರು ಬೇಡ. ಸಮ್ಮೇಳನ ಮುಗಿದು ಎಷ್ಟು ದಿನಕ್ಕೆ ಅಳಿಸುತ್ತೀರಿ ಅಂತ ಮೊದಲೇ ಹೇಳಲಿ. ಚಿಪ್ ಬೇಡ ಅಂದವರಿಗೆ ಯಾಕೆ ಅಂತ ಕೇಳದೆ ಬರೀ ಕಾಗದದ ಬ್ಯಾಡ್ಜ್ ಕೊಡಲಿ.

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ: ಒಪ್ಪಿಗೆ ಮುಕ್ತವಾಗಿರಬೇಕು, ತಿಳಿದು ಕೊಟ್ಟಿದ್ದಾಗಿರಬೇಕು. ಅದರಲ್ಲಿ ನಮಗೆ ಇನ್ನೊಂದು ಸಂತೋಷದ ಮಾತಿದೆ. ಒಪ್ಪಿಗೆ ಕೇಳುವ ಸೂಚನೆಯನ್ನು ಇಂಗ್ಲಿಷ್ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆ ಕೊಡಬೇಕು. ಅಂದರೆ ಕನ್ನಡದಲ್ಲೂ! ಮುಂದಿನ ಸಲ ಬ್ಯಾಡ್ಜ್ ಕೈಗೆ ಬಂದಾಗ "ಇದರ ಸೂಚನೆ ಕನ್ನಡದಲ್ಲಿ ಕೊಡಿ" ಅಂತ ಕೌಂಟರಿನಲ್ಲಿ ಕೇಳೋಣ. ಕೊಡಬೇಕಾದರೆ ಅವರು ಮೊದಲು ಅದನ್ನು ಬರೆಯಬೇಕಲ್ಲ, ಬರೆಯುವಾಗಲಾದರೂ ತಾವೇನು ಮಾಡುತ್ತಿದ್ದೇವೆ ಅಂತ ಹೊಳೆದೀತು.

ಅಂದಹಾಗೆ, ಅಣ್ಣನಿಗೆ ಕೆಲಸ ಸಿಕ್ಕಿದೆ. ಮನೆಯಲ್ಲೂ ಹೇಳಿದ್ದಾರಂತೆ. ಅವರನ್ನು ಕೇಳಿಯೇ ಇದನ್ನು ಬರೆದಿದ್ದೇನೆ. ಮ್ಯಾನೇಜರ್‌ಗೆ ಮಾತ್ರ ಇನ್ನೂ ತಲೆನೋವಿನ ಕಥೆಯೇ ಗೊತ್ತಿರೋದು...

ನಿಮ್ಮ ಬ್ಯಾಡ್ಜಿನೊಳಗೆ ಏನಿತ್ತು? ಬಿಡಿಸಿ ನೋಡಿದವರಿದ್ದರೆ ಹೇಳಿ.