ಸಿಂಹಾವಲೋಕನ: ಅರಿವು ಬೆಳೆಯಿತು, ತಪಾಸಣೆ ಮನೆಗೆ ಬರಲಿ

1991ರಲ್ಲಿ ಎಪಿಸಿ ಎಂಬ ವಂಶವಾಹಿ ಪತ್ತೆಯಾಯಿತು. ದೊಡ್ಡ ಕರುಳಿನ ಕ್ಯಾನ್ಸರ್ ಗಡ್ಡೆಗಳಲ್ಲಿ ನೂರಕ್ಕೆ ಸುಮಾರು 80ರಲ್ಲಿ ಕೆಟ್ಟಿರುವುದು ಇದೇ. ಅಂದಿನಿಂದ ವಿಜ್ಞಾನ ಗಳಿಸಿದ್ದೇನು, ಅದರಲ್ಲಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಮನೆಗಳಿಗೆ ತಲುಪಿದ್ದೇನು?

ಎಪಿಸಿ ವಂಶವಾಹಿ ತಯಾರಿಸುವ ಪ್ರೋಟೀನು ಮತ್ತು 1997ರಲ್ಲಿ ಗುರುತಿಸಲಾದ ಆಕ್ಸಿನ್, ಎರಡೂ ಚೌಕಟ್ಟು ಪ್ರೋಟೀನುಗಳು. ಮಗ್ಗದ ಚೌಕಟ್ಟು ತಾನು ನೇಯುವುದಿಲ್ಲ. ಹಣಿಗೆ, ಹಾಸುಗಳನ್ನು ಅವುಗಳ ಜಾಗದಲ್ಲಿ ಹಿಡಿದಿಡುತ್ತದೆ. ಈ ಪ್ರೋಟೀನುಗಳ ಕೆಲಸವೂ ಹಾಗೆಯೇ. ಕಿಣ್ವಗಳನ್ನು ಒಂದೆಡೆ ಕೂಡಿಸಿ, ಜೀವಕೋಶಗಳನ್ನು ವಿಭಜನೆಗೆ ಪ್ರಚೋದಿಸುವ ಬೀಟಾ-ಕ್ಯಾಟೆನಿನ್ ಅತಿಯಾಗದಂತೆ ನಾಶಮಾಡಿಸುತ್ತವೆ. ಎಪಿಸಿ ಕೆಟ್ಟರೆ ಬೀಟಾ-ಕ್ಯಾಟೆನಿನ್ ಶೇಖರಗೊಂಡು, ಜೀವಕೋಶಗಳು ಎಡೆಬಿಡದೆ ವಿಭಜನೆಗೊಂಡು ಪಾಲಿಪ್ ಎಂಬ ಸಣ್ಣ ಗಂಟು ಮೂಡುತ್ತದೆ. ಐಕ್ಯೂಗ್ಯಾಪ್1 ಎಂಬ ಇನ್ನೊಂದು ಚೌಕಟ್ಟು ಪ್ರೋಟೀನು ಜೀವಕೋಶಗಳ ಅಂಟು ಮತ್ತು ಚಲನೆಯಲ್ಲಿ ಪಾಲ್ಗೊಳ್ಳುತ್ತದೆ; ಅದು ಹೆಚ್ಚಾದಾಗ ರೋಗ ಹರಡಲು ನೆರವಾಗುತ್ತದೆ. ಕರುಳಿನ ರಕ್ತವೆಲ್ಲ ಯಕೃತ್ತಿಗೆ ಹರಿಯುವುದರಿಂದ ಮೊದಲ ಪೆಟ್ಟು ಬೀಳುವುದು ಹೆಚ್ಚಾಗಿ ಅಲ್ಲಿಗೇ.

ಔಷಧದ ಕಡೆ ಫಲ ಕಡಿಮೆ. ಆಕ್ಸಿನ್ ಉಳಿಸುವ ರಾಸಾಯನಿಕಗಳು 2009ರಲ್ಲಿ ಸಿಕ್ಕವು. ಆದರೆ ಆರೋಗ್ಯವಂತ ಕರುಳು ಹೊಸದಾಗುತ್ತಿರಲೂ ಬೀಟಾ-ಕ್ಯಾಟೆನಿನ್ ಬೇಕು. ಹಾಗಾಗಿ ಪ್ರಯೋಗದ ಇಲಿಗಳ ಕರುಳಿಗೇ ಹಾನಿಯಾಯಿತು.

ನಮಗೆ ದಕ್ಕಿದ ದೊಡ್ಡ ಲಾಭವೆಂದರೆ ಸಮಯದ ಅರಿವು. ಪಾಲಿಪ್ ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷಗಳಷ್ಟು ಬೇಕು. ಅಷ್ಟರಲ್ಲಿ ಕೊಲೊನೊಸ್ಕೋಪಿಯಲ್ಲಿ ಅದನ್ನು ಕಂಡು ತೆಗೆದರೆ ಅದರಿಂದ ಕ್ಯಾನ್ಸರ್ ಬಾರದು. ಅಮೆರಿಕದ ಲೆಕ್ಕದಂತೆ, ಕರುಳಲ್ಲೇ ಇರುವಾಗ ಪತ್ತೆಯಾದರೆ ನೂರರಲ್ಲಿ ಸುಮಾರು 90 ಮಂದಿ ಐದು ವರ್ಷ ದಾಟುತ್ತಾರೆ. ದೂರದ ಅಂಗಗಳಿಗೆ ಹರಡಿದ ಮೇಲೆ ಸುಮಾರು 15 ಮಂದಿ ಮಾತ್ರ.

ಕೊಯಮತ್ತೂರಿನಲ್ಲಿ ಪರಿಣತಿಗೆ ಕೊರತೆಯಿಲ್ಲ. ಡಾ. ಸಿ. ಪಳನಿವೇಲು ಅವರ ಜೆಮ್ ಆಸ್ಪತ್ರೆ ಲ್ಯಾಪರೊಸ್ಕೋಪಿಕ್ ಶಸ್ತ್ರಚಿಕಿತ್ಸೆಗೆ ಹೆಸರಾದದ್ದು. ಕೊರತೆ ಇರುವುದು ಅದಕ್ಕೂ ಮುಂಚಿನ ಹೆಜ್ಜೆಯಲ್ಲಿ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿ ಎಂದುಕೊಂಡು ತಿಂಗಳುಗಟ್ಟಲೆ ಸುಮ್ಮನಿರುವುದು ಇಂದಿಗೂ ಸಾಮಾನ್ಯ. ರಾಷ್ಟ್ರೀಯ ಕ್ಯಾನ್ಸರ್ ತಪಾಸಣೆ ಬಾಯಿ, ಸ್ತನ, ಗರ್ಭಕಂಠಗಳಿಗೆ ಸೀಮಿತ, ಕರುಳು ಪಟ್ಟಿಯಲ್ಲಿಲ್ಲ.

2021ರಲ್ಲಿ ಆರಂಭವಾದ ತಮಿಳುನಾಡು ಸರ್ಕಾರದ 'ಮಕ್ಕಳೈ ತೇಡಿ ಮರುತ್ತುವಂ' ಯೋಜನೆಯ ಕಾರ್ಯಕರ್ತೆಯರು ಮನೆಮನೆಗೆ ಹೋಗುತ್ತಾರೆ. ಐವತ್ತು ದಾಟಿದವರನ್ನೂ, ಮನೆತನದಲ್ಲಿ ಈ ರೋಗ ಕಂಡವರನ್ನೂ ಅವರು ಕೇಳಲಿ. ಮಲಪರೀಕ್ಷೆಯ ಕಿಟ್ ಕೊಡಲಿ. ದೇವಾಂಗ ನೇಕಾರರ ಕನ್ನಡದ ಮನೆಗಳಲ್ಲಿ ಈ ಮಾತು ಕನ್ನಡದಲ್ಲೇ ನಡೆಯಲಿ. ಪ್ರಯೋಗಾಲಯ ತೋರಿಸಿಕೊಟ್ಟ ಆ ಹತ್ತು ವರ್ಷಗಳನ್ನು ಬಳಸಿಕೊಳ್ಳುವುದು ಇನ್ನು ಆಡಳಿತದ, ನಮ್ಮೆಲ್ಲರ ಹೊಣೆ.