ಪಾಲಿಕೆ ಸಭೆ ಓದದ ಅರ್ಜಿ

2015ರ ಡಿಸೆಂಬರ್‌ನಲ್ಲಿ ಪುಣೆ ಮಹಾನಗರ ಪಾಲಿಕೆಯ ಸದಸ್ಯರು ಕೇಳಿದ್ದು ಒಂದಿಷ್ಟು ಕಾಲಾವಕಾಶ. ಸ್ಮಾರ್ಟ್ ಸಿಟಿ ಸ್ಪರ್ಧೆಗೆ ಕಳಿಸಬೇಕಿದ್ದ ಪ್ರಸ್ತಾವವನ್ನು ಜನವರಿಯಲ್ಲಿ ಚರ್ಚಿಸೋಣ ಎಂದು ಸಾಮಾನ್ಯ ಸಭೆ ವಿಷಯವನ್ನು ಮುಂದೂಡಿತ್ತು. ಆದರೆ ಕೇಂದ್ರದ ಗಡುವು ಡಿಸೆಂಬರ್ 15. ಮಹಾರಾಷ್ಟ್ರ ಸರ್ಕಾರ ವಿಶೇಷ ಸಭೆ ನಡೆಸುವಂತೆ ಆದೇಶ ಹೊರಡಿಸಿತು. ಗಡುವಿನ ಹಿಂದಿನ ದಿನ, ತಾಸುಗಟ್ಟಲೆ ವಾಗ್ವಾದದ ಬಳಿಕ, ಷರತ್ತುಗಳೊಂದಿಗೆ ಒಪ್ಪಿಗೆ ದೊರೆಯಿತು. ಅದೇ ತಿಂಗಳು ನವಿ ಮುಂಬೈ ಪಾಲಿಕೆಯ ಸಭೆ ಪ್ರಸ್ತಾವವನ್ನೇ ತಿರಸ್ಕರಿಸಿತು.

ಇವರನ್ನು ಅಭಿವೃದ್ಧಿಗೆ ಅಡ್ಡಗಾಲು ಹಾಕಿದವರೆನ್ನುವುದು ಸುಲಭ, ಆದರೆ ಅನ್ಯಾಯ. ಕೇಂದ್ರದ ಸ್ಮಾರ್ಟ್ ಸಿಟಿ ಮಿಷನ್ನಿನ ಮಾರ್ಗಸೂಚಿಯಂತೆ ಗೆದ್ದ ನಗರ ಕಂಪನಿ ಕಾಯ್ದೆಯಡಿ ‘ವಿಶೇಷ ಉದ್ದೇಶ ವಾಹಕ’ವೊಂದನ್ನು ಕಟ್ಟಬೇಕಿತ್ತು, ಅದರಲ್ಲಿ ರಾಜ್ಯಕ್ಕೂ ಪಾಲಿಕೆಗೂ ಸಮಪಾಲು. ಯೋಜನೆಗೆ ಸಂಬಂಧಿಸಿದಂತೆ ಪಾಲಿಕೆ ಸಭೆಯ ಹಕ್ಕು-ಹೊಣೆಗಳು ಆ ಕಂಪನಿಗೆ, ಪಾಲಿಕೆಯ ನಿರ್ಣಯಾಧಿಕಾರ ಅದರ ಮುಖ್ಯ ಕಾರ್ಯನಿರ್ವಹಣಾಧಿಕಾರಿಗೆ ಹೋಗಬೇಕಿತ್ತು. ಯಾವ ರಸ್ತೆ ಮೊದಲು, ಯಾರಿಗೆ ಗುತ್ತಿಗೆ ಎಂಬ ತೀರ್ಮಾನವೆಲ್ಲ ವಾರ್ಡಿನ ಜನ ಆರಿಸಿದವರ ಕೈತಪ್ಪಿ ಹೋಗುವ ಷರತ್ತಿದು. ನಗರಾಡಳಿತಕ್ಕೆ ಸಂವಿಧಾನದ ಬಲ ಕೊಟ್ಟ 74ನೇ ತಿದ್ದುಪಡಿ ಜಾರಿಯಾಗಿ ಆಗ 22 ವರ್ಷ ಕಳೆದಿತ್ತು. ಇಂಥದ್ದನ್ನು ಎರಡು ಸಲ ಓದದೆ ಒಪ್ಪುವ ಸಭೆ ತನ್ನನ್ನು ಆರಿಸಿದವರಿಗೆ ದ್ರೋಹ ಬಗೆದಂತೆ.

ಕರ್ನಾಟಕದ ಏಳು ನಗರಗಳು ಈ ಸ್ಪರ್ಧೆ ಗೆದ್ದವು. 2016ರ ಜನವರಿಯಲ್ಲಿ ಬಂದ ಮೊದಲ 20 ನಗರಗಳ ಪಟ್ಟಿಯಲ್ಲೇ ಬೆಳಗಾವಿ, ದಾವಣಗೆರೆ ಇದ್ದವು. ಬೆಳಗಾವಿಯ ಮುಂದಿನ ಕತೆ ಕಳವಳ ತರುವಂಥದ್ದು. ಪಾಲಿಕೆಯ ಅವಧಿ 2019ರ ಮಾರ್ಚ್‌ಗೆ ಮುಗಿಯಿತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಮೇಯರ್ ಕುರ್ಚಿಗೆ ಒಬ್ಬರು ಬಂದದ್ದು 2023ರ ಫೆಬ್ರುವರಿಯಲ್ಲಿ! ಸ್ಮಾರ್ಟ್ ಸಿಟಿ ಹೆಸರಿನಲ್ಲಿ ಬೀದಿ ಅಗೆದು ಕಾಂಕ್ರೀಟು ಸುರಿದ ವರ್ಷಗಳೇ ಅವು. ಹುಬ್ಬಳ್ಳಿ-ಧಾರವಾಡದಲ್ಲೂ ಮೇಯರ್ ಆಯ್ಕೆಗೆ 2022ರ ಮೇವರೆಗೆ ಕಾಯಬೇಕಾಯಿತು. ಬೆಂಗಳೂರಿನಲ್ಲಂತೂ 2020ರ ಸೆಪ್ಟೆಂಬರ್‌ನಲ್ಲೇ ಆಡಳಿತಾಧಿಕಾರಿ ಬಂದು ಕೂತರು.

ಕಾರ್ಪೊರೇಟರ್‌ಗಳು ಭ್ರಷ್ಟರು, ಅವರನ್ನು ದೂರವಿಟ್ಟರೆ ಕೆಲಸ ಬೇಗ ಆಗುತ್ತದೆ ಎನ್ನುವ ವಾದ ವಿದ್ಯಾವಂತರ ಬಾಯಲ್ಲೇ ಹೆಚ್ಚು ಕೇಳಿಬರುತ್ತದೆ. ಬೇಗ ಆಯಿತೇ? ಐದು ವರ್ಷದ ಮಿಷನ್ 2023ರ ಜೂನ್‌ಗೆ, ಆಮೇಲೆ 2024ರ ಜೂನ್‌ಗೆ, ಕೊನೆಗೆ 2025ರ ಮಾರ್ಚ್‌ಗೆ ಎಳೆಯಿತು. ಭ್ರಷ್ಟಾಚಾರದ ದೂರು ಸುಳ್ಳಲ್ಲ. ಆದರೆ ಕೆಟ್ಟ ಕಾರ್ಪೊರೇಟರನ್ನು ವಾರ್ಡಿನ ಜನ ಮನೆಗೆ ಕಳಿಸಬಹುದು. ಕಂಪನಿಯ ಅಧಿಕಾರಿಗೆ ವರ್ಗಾವಣೆಯಾದರೆ ಅರ್ಧ ಅಗೆದ ರಸ್ತೆಯ ಬಗ್ಗೆ ಯಾರನ್ನು ಕೇಳುವುದು?

ಈಗ ಇನ್ನೊಂದು ಸ್ಪರ್ಧೆ ಎದುರಿಗಿದೆ. 2025ರ ಫೆಬ್ರುವರಿ 1ರ ಬಜೆಟ್‌ನಲ್ಲಿ ಕೇಂದ್ರ 1 ಲಕ್ಷ ಕೋಟಿ ರೂಪಾಯಿಯ ಅರ್ಬನ್ ಚಾಲೆಂಜ್ ಫಂಡ್ ಘೋಷಿಸಿತು. ನಗರಗಳ ಮರುಅಭಿವೃದ್ಧಿಯೂ ಅದರ ಉದ್ದೇಶ. ಯೋಜನಾ ವೆಚ್ಚದಲ್ಲಿ ಕೇಂದ್ರ ಕೊಡುವುದು ಹೆಚ್ಚೆಂದರೆ ಶೇ 25. ಕನಿಷ್ಠ ಶೇ 50ರಷ್ಟನ್ನು ಬಾಂಡ್, ಬ್ಯಾಂಕ್ ಸಾಲ, ಖಾಸಗಿ ಸಹಭಾಗಿತ್ವದಿಂದ ತರಬೇಕೆಂದು ಬಜೆಟ್ ಭಾಷಣ ಹೇಳಿತು. ಪಾಲಿಕೆ ಸಾಲ ಮಾಡಿದರೆ ಅದರ ಕಂತು ಕೊನೆಗೆ ಬಂದು ನಿಲ್ಲುವುದು ಆಸ್ತಿ ತೆರಿಗೆ ಕಟ್ಟುವವರ ತಲೆಯ ಮೇಲೆ. ಈ ಘೋಷಣೆಯಾದ ದಿನ ಬೆಂಗಳೂರು, ಮೈಸೂರು, ಶಿವಮೊಗ್ಗಗಳಲ್ಲಿ ಚುನಾಯಿತ ಸಭೆಯೇ ಇರಲಿಲ್ಲ.

ಹಾಗಾಗಿ ರಾಜ್ಯ ಸರ್ಕಾರ ಮೊದಲು ನಿಯಮ ಮಾಡಲಿ. ಈ ಫಂಡ್‌ಗೆ ಕಳಿಸುವ ಅರ್ಜಿಯ ಪೂರ್ಣ ಕನ್ನಡ ಪ್ರತಿ ಕನಿಷ್ಠ 30 ದಿನ ಮುಂಚೆ ಸದಸ್ಯರ ಕೈ ಸೇರಬೇಕು. ಕೊನೇ ಗಳಿಗೆಯಲ್ಲಿ ‘ಹೆಚ್ಚುವರಿ ವಿಷಯ’ವಾಗಿ ನುಸುಳಬಾರದು. ಸಾಲ ತೀರಿಸುವ ಆದಾಯ ಯಾವುದೆಂದು ಸಭೆಯಲ್ಲೇ ಲೆಕ್ಕ ಒಪ್ಪಿಸಬೇಕು. ಕಾಮಗಾರಿ ಶುರುವಾದ ಮೇಲೂ ಮೂರು ತಿಂಗಳಿಗೊಮ್ಮೆ ಖರ್ಚಿನ ಪಟ್ಟಿ ಸಭೆಯ ಮುಂದೆ ಬರಬೇಕು. ಚುನಾಯಿತ ಸಭೆ ಇಲ್ಲದ ಊರಿನಲ್ಲಿ ಮೊದಲು ಚುನಾವಣೆ ನಡೆಯಲಿ. ಅಲ್ಲಿಯವರೆಗೆ ಆಡಳಿತಾಧಿಕಾರಿಯ ಸಹಿಯೊಂದಿಗೆ ಯಾವ ಅರ್ಜಿಯೂ ದೆಹಲಿಗೆ ಹೋಗಕೂಡದು.