ಸುಮ್ಮನೆ ಕೂತು ಬಂದೆ, ಅದಕ್ಕೇನೀಗ?

"ಅಷ್ಟು ದೂರ ಹೋಗಿ ಸುಮ್ನೆ ಕೂತ್ಕೊಂಡು ಬಂದ್ಯೇನೋ?"

ನೇಪಾಳದ ಪೊಖರಾದಿಂದ ಹಿಂದಿರುಗಿದ ದಿನ ಅಮ್ಮ ಕೇಳಿದ ಮೊದಲ ಪ್ರಶ್ನೆ ಇದು. ಹಾಸ್ಟೆಲ್ ಗೆಳೆಯರದ್ದು ಇನ್ನೂ ನೇರ: "ಪ್ಯಾರಾಗ್ಲೈಡಿಂಗ್ ಮಾಡ್ಲಿಲ್ಲ, ಟ್ರೆಕ್ ಹೋಗ್ಲಿಲ್ಲ, ಬೆಟ್ಟಾನೂ ಕಾಣಲಿಲ್ಲ. ಮತ್ಯಾಕೋ ಹೋಗಿದ್ದೆ?"

ಯಾಕೆ ಹೋಗಿದ್ದೆ ಅಂದರೆ, ನನಗೆ ನಿದ್ದೆ ಬರುತ್ತಿರಲಿಲ್ಲ. ನಾನು ಬಿಇ ಸಿವಿಲ್ ಓದುತ್ತಿದ್ದೇನೆ. ಮೂರನೇ ಸೆಮಿಸ್ಟರ್‌ನಲ್ಲಿ ಗಣಿತ ಹೋಯ್ತು. ಅಲ್ಲಿಂದ ಶುರುವಾದದ್ದು, ರಾತ್ರಿ ಎರಡು ಗಂಟೆಗೆ ಎಚ್ಚರವಾಗಿ ಫ್ಯಾನ್ ನೋಡುತ್ತಾ ಮಲಗುವುದು. ರಜೆ ಬಂತೆಂದರೆ ಕ್ಲಾಸಿನವರೆಲ್ಲ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಕೋರ್ಸ್ ಅಂತ ಓಡುತ್ತಾರೆ. ಸುಮ್ಮನೆ ಮನೆಯಲ್ಲಿ ಮಲಗಿದರೆ ಅಪರಾಧಿಯ ಹಾಗೆ ಅನ್ನಿಸುತ್ತದೆ. ಕೊನೆಗೆ ಟ್ಯೂಷನ್ ಹೇಳಿ ಕೂಡಿಟ್ಟ ಹದಿನಾಲ್ಕು ಸಾವಿರ ರೂಪಾಯಿ ಹಿಡಿದು, ಬ್ಯಾಗ್ ಬೆನ್ನಿಗೆ ಹಾಕಿ ಹೊರಟೆ.

ವಿದೇಶ ಅಂದರೆ ವಿಮಾನ, ವೀಸಾ ಅಂದುಕೊಳ್ಳಬೇಡಿ. ನಮಗೆ ನೇಪಾಳಕ್ಕೆ ವೀಸಾ ಬೇಕಿಲ್ಲ. ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಸಾಕು. ಯಶವಂತಪುರದಿಂದ ಗೋರಖ್‌ಪುರಕ್ಕೆ ರೈಲು, ಅಲ್ಲಿಂದ ಸುನೌಲಿ ಗಡಿಗೆ ಬಸ್ಸು, ಗಡಿಯನ್ನು ನಡೆದೇ ದಾಟಿ ಇನ್ನೊಂದು ಬಸ್ಸು. ಆ ಕಡೆ ಗಡಿಯಾರ ನಮ್ಮದಕ್ಕಿಂತ 15 ನಿಮಿಷ ಮುಂದೆ. ನಮ್ಮ 100 ರೂಪಾಯಿ ಅಲ್ಲಿನ 160 ರೂಪಾಯಿ. ಮೂರನೇ ದಿನ ಪೊಖರಾದಲ್ಲಿ ಇಳಿದಾಗ ಮೊಬೈಲಿನಲ್ಲಿ "ನೋಡಲೇಬೇಕಾದ 17 ಜಾಗಗಳು" ಎಂಬ ಪಟ್ಟಿ ತಯಾರಿತ್ತು.

ಇಳಿದದ್ದು ಜೂನ್ ಕೊನೆಯ ವಾರ. ಮಳೆ. ಪೊಖರಾದ ಹತ್ತಿರದ ಲುಮ್ಲೆ ನೇಪಾಳದಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರು, ವರ್ಷಕ್ಕೆ 5,000 ಮಿಲಿಮೀಟರಿಗೂ ಹೆಚ್ಚು. ಅವರ ಆಗುಂಬೆ ಅನ್ನಿ. ಮೋಡ ಕವಿದು ಸಾರಂಗ್‌ಕೋಟ್ ಗುಡ್ಡವೂ ಕಾಣದು, ಅದರಾಚೆಯ ಹಿಮಾಲಯದ ಮಾತೆಲ್ಲಿ? ನನ್ನ ಪಟ್ಟಿ ಮೊದಲ ದಿನವೇ ಕೊಚ್ಚಿಕೊಂಡು ಹೋಯಿತು.

ಹಾಗಾಗಿ ಕೂತೆ. ಫೇವಾ ಕೆರೆಯ ಪಕ್ಕದ ಸಣ್ಣ ಲಾಡ್ಜೊಂದರ ಜಗಲಿಯಲ್ಲಿ, ಐದು ದಿನ. ಬೆಳಗ್ಗೆ ಚಹಾ, ಮಧ್ಯಾಹ್ನ ಬೇಳೆ, ಅನ್ನ, ಸೊಪ್ಪಿನ ದಾಲ್‌ಭಾತ್. ಕೆರೆಯ ನಡುವಿನ ತಾಲ್ ಬಾರಾಹಿ ಗುಡಿಗೆ ಬಣ್ಣದ ದೋಣಿಗಳು ಹೋಗುವುದನ್ನು, ಬರುವುದನ್ನು ನೋಡುವುದು. ಮೊದಲೆರಡು ದಿನ ಕೈ ತಾನಾಗಿ ಮೊಬೈಲಿಗೆ ಹೋಗುತ್ತಿತ್ತು. ಮೂರನೇ ರಾತ್ರಿ ಮಲಗಿದವನು ಬೆಳಗ್ಗೆ ಎಂಟಕ್ಕೆ ಎದ್ದೆ. ಎಷ್ಟೋ ತಿಂಗಳ ಮೇಲೆ ನಡುವೆ ಎಚ್ಚರವಾಗದ ರಾತ್ರಿ ಅದು.

ಅವರ ಅಸಾರ್ ತಿಂಗಳ 15ನೇ ದಿನ ಭತ್ತದ ನಾಟಿಯ ಹಬ್ಬ. ಲಾಡ್ಜಿನ ದೀದಿ ತಟ್ಟೆಯಲ್ಲಿ ದಹಿ ಚಿಯುರಾ ಕೊಟ್ಟರು. ನೋಡಿದರೆ ನಮ್ಮ ಮೊಸರವಲಕ್ಕಿ! ಮಚ್ಛಾಪುಚ್ಛ್ರೆಯ ಕಥೆ ಹೇಳಿದವರೂ ಅವರೇ. 6,993 ಮೀಟರ್ ಎತ್ತರದ ಈ ಶಿಖರವನ್ನು ಏರಲು ಅನುಮತಿ ಇಲ್ಲ, ಅದು ಶಿವನ ಜಾಗ. 1957ರಲ್ಲಿ ಹತ್ತಿದ ಬ್ರಿಟಿಷ್ ತಂಡವೂ ಕೊಟ್ಟ ಮಾತಿನಂತೆ ತುದಿಗೆ ಸುಮಾರು 150 ಅಡಿ ಇರುವಾಗ ನಿಂತು ಇಳಿದುಬಂತು. ಎಲ್ಲದರ ತುದಿ ಮುಟ್ಟಲೇಬೇಕು ಎಂದು ಒಂದನೇ ಕ್ಲಾಸಿನಿಂದ ಕೇಳಿಸಿಕೊಂಡು ಬೆಳೆದ ನನಗೆ ಈ ಕಥೆ ವಿಚಿತ್ರವಾಗಿ ಸಮಾಧಾನ ಕೊಟ್ಟಿತು.

ಆದರೆ ಕೂತವನಿಗೆ ಕಾಣುವುದು ಕೆರೆ ಮಾತ್ರವಲ್ಲ. ದೀದಿಯ ಮಗನಿಗೂ ಇಪ್ಪತ್ತು. ನಾನು ಜಗಲಿಯಲ್ಲಿ ಕಾಲು ಚಾಚಿದ್ದಾಗ ಅವನು ಗ್ಯಾಸ್ ಸಿಲಿಂಡರ್ ಹೊತ್ತು ಮೆಟ್ಟಿಲು ಹತ್ತುತ್ತಿದ್ದ. ಸಂಜೆ ಒಂದು ಫೈಲ್ ತೋರಿಸಿದ: ಹೊಸ ಪಾಸ್‌ಪೋರ್ಟ್, ಮೆಡಿಕಲ್ ರಿಪೋರ್ಟ್. ಕತಾರ್‌ಗೆ ಹೊರಟಿದ್ದಾನೆ. ಹೊರದೇಶಗಳಲ್ಲಿ ದುಡಿಯುವವರು ಕಳಿಸುವ ಹಣ ನೇಪಾಳದ ಜಿಡಿಪಿಯ ಸುಮಾರು ಕಾಲು ಭಾಗದಷ್ಟಿದೆ. ಬ್ಯಾಗ್ ಬೆನ್ನಿಗೇರಿಸಿ ದೇಶ ಬಿಡುವುದು ನನಗೆ ವಿರಾಮ, ಅವನಿಗೆ ಸಂಬಳ. ನನ್ನ ಬ್ಯಾಕ್‌ಲಾಗಿನ ದುಃಖವನ್ನು ಅವನ ಮುಂದೆ ಹೇಳಲು ಬಾಯಿ ಬರಲಿಲ್ಲ.

"ನಿನಗೇನಪ್ಪ, ಟ್ಯೂಷನ್ ದುಡ್ಡಿತ್ತು, ಹೋದೆ" ಎಂದು ನೀವು ಹೇಳಬಹುದು. ಒಪ್ಪುತ್ತೇನೆ. ವಿರಾಮ ಎಲ್ಲರಿಗೂ ಸಿಗುವುದಿಲ್ಲ. ಹಾಗೆಂದು ಸಿಕ್ಕವರು ನಾಚಿಕೊಂಡು ಅದನ್ನೂ ಓಟವಾಗಿಸುವುದರಿಂದ ಸಿಗದವರಿಗೆ ಏನು ಲಾಭ? ನಾವೀಗ ಮಾಡುತ್ತಿರುವುದು ಅದನ್ನೇ. ಮೂರು ದಿನದಲ್ಲಿ ಹದಿನೇಳು ಜಾಗ, ಜಾಗಕ್ಕೊಂದು ರೀಲ್, ವಾಪಸ್ ಬಂದು ಎರಡು ದಿನ ಸುಸ್ತು. ಪ್ರವಾಸವೂ ಇನ್ನೊಂದು ಸೆಮಿಸ್ಟರ್ ಆಗಿಬಿಟ್ಟಿದೆ. ಪೊಖರಾಕ್ಕೇ ಹೋಗಬೇಕೆಂದಿಲ್ಲ. ಅಜ್ಜಿ ಮನೆಯ ಜಗಲಿಯಾದರೂ ಆದೀತು. ಆದರೆ ಒಂದು ಕಡೆ ಕೂರಬೇಕು. ಓಡುವವನಿಗೆ ಊರು ಕಾಣುತ್ತದೆ, ಆ ಊರಲ್ಲಿ ಸಿಲಿಂಡರ್ ಹೊರುವವನು ಕಾಣುವುದಿಲ್ಲ.

ಇದು ನನಗೆ ಹೊಳೆದದ್ದು ಹಾಸ್ಟೆಲ್ಲಿಗೆ ಬಂದ ಮೇಲೆ. ನಮ್ಮ ವಾಚ್‌ಮ್ಯಾನ್ ನೇಪಾಳದವರು. ಎರಡು ವರ್ಷದಿಂದ ನಾವೆಲ್ಲ "ಬಹದ್ದೂರ್" ಎಂದೇ ಕರೆಯುತ್ತಿದ್ದೆವು. ಅದು ಅವರ ಹೆಸರೇ ಅಲ್ಲ ಎಂದು ಗೊತ್ತಾದದ್ದು ಮೊನ್ನೆ, ನಾನಾಗಿ ಕೇಳಿದಾಗ. ಊರು ಸ್ಯಾಂಗ್ಜಾ ಜಿಲ್ಲೆ. ಪೊಖರಾಕ್ಕೆ ಹೋಗುವ ಹೆದ್ದಾರಿಯಲ್ಲೇ ಬರುತ್ತದೆ. ನಾನು ಬಸ್ಸಿನಲ್ಲಿ ನಿದ್ದೆ ಮಾಡುತ್ತಾ ದಾಟಿದ್ದೆ.

"ಮಚ್ಛಾಪುಚ್ಛ್ರೆ ಕಂಡಿತಾ?" ಎಂದರು.

"ಇಲ್ಲಣ್ಣ, ಬರೀ ಮೋಡ."

ನಕ್ಕರು. "ಮಳೆಗಾಲದಲ್ಲಿ ಹೋದರೆ ಎಲ್ಲಿ ಕಾಣುತ್ತೆ? ದಸರಾ ಕಳೆದ ಮೇಲೆ ಹೋಗಬೇಕು." ಸ್ವಲ್ಪ ಹೊತ್ತು ಬಿಟ್ಟು, "ನಾನು ನೋಡಿಯೇ ಮೂರು ವರ್ಷ ಆಯ್ತು" ಎಂದರು.

ಅಮ್ಮನ ಪ್ರಶ್ನೆಗೆ ನನ್ನ ಉತ್ತರ: ಹೌದಮ್ಮ, ಸುಮ್ಮನೆ ಕೂತು ಬಂದೆ. ಈಗ ನಿದ್ದೆ ಬರುತ್ತಿದೆ. ಗಣಿತಕ್ಕೆ ಮತ್ತೆ ಫೀಸ್ ಕಟ್ಟಿದ್ದೇನೆ. ಹಾಸ್ಟೆಲ್ ಗೇಟಿನಲ್ಲಿರುವ ಅಣ್ಣನನ್ನು ಈಗ ಅವರ ಹೆಸರು ಹಿಡಿದೇ ಮಾತಾಡಿಸುತ್ತೇನೆ. ಅವರಿಗೂ ದಸರೆಗೆ ಹದಿನೈದು ದಿನ ರಜೆ ಕೊಡಿ ಎಂದು ವಾರ್ಡನ್‌ಗೆ ಒಂದು ಅರ್ಜಿ ಬರೆದಿದ್ದೇವೆ. ಸಹಿ ಹಾಕಲು ಇನ್ನೂ ಎರಡು ಫ್ಲೋರ್ ಬಾಕಿ ಇದೆ.